ಚದುರಿದ ರಾಮಾಯಣ ಒಂದಾದ ಬಗೆ

ಮುಂಬಯಿಯ ಕೋಟೆ ವಿಭಾಗದಲ್ಲಿ, ಕಾಲಾಘೋಡಾದ ಸಮೀಪ, ದೊಡ್ಡ ಗುಮ್ಮಟವನ್ನು ಹೊತ್ತು ನಿಂತಿರುವ ವಸ್ತುಸಂಗ್ರಹಾಲಯದ ಮುಂದಿನಿಂದ ಹಾದುಹೋಗದ ಕನ್ನಡಿಗನು ಈ ನಗರದಲ್ಲಿ ವಿರಳ. ಆ ಸುತ್ತಿನ ಬ್ಯಾಂಕು, ಕಚೇರಿ, ನ್ಯಾಯಾಲಯಗಳಲ್ಲಿ ಲೆಕ್ಕ ಬರೆದವರು ನಮ್ಮವರು. ಆ ಕಚೇರಿಗಳ ಜನರಿಗೆ ಇಡ್ಲಿ, ದೋಸೆ, ಕಾಫಿಗಳನ್ನು ಬಡಿಸಿದವರೂ ನಮ್ಮವರೇ. ಆದರೆ ಹಾದುಹೋಗುವುದು ಬೇರೆ, ಒಳಹೊಕ್ಕು ನೋಡುವುದು ಬೇರೆ. ಸಂಗ್ರಹಾಲಯವು ಹಗಲು ತೆರೆದು ಸಂಜೆಗೆ ಮುಚ್ಚುವಂಥದು. ಹೋಟೆಲಿನಲ್ಲಿ ದುಡಿಯುವವನ ಬಿಡುವು ಆರಂಭವಾಗುವುದು ಬಾಗಿಲುಗಳೆಲ್ಲ ಮುಚ್ಚಿದ ಮೇಲೆಯೇ. ಆದುದರಿಂದ ಎಷ್ಟೋ ಮಂದಿ ಮೂವತ್ತು ವರ್ಷ ಅದರ ನೆರಳಿನಲ್ಲಿಯೇ ಬಾಳಿ, ಒಮ್ಮೆಯೂ ಒಳಗೆ ಕಾಲಿಡದೆ ಊರಿಗೆ ಮರಳಿದ್ದಾರೆ.

ಹಳಬರು ಆ ಕಟ್ಟಡವನ್ನು ಇಂದಿಗೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದೇ ಕರೆಯುವುದುಂಟು. ಮುಂದೆ ಐದನೆಯ ಜಾರ್ಜ್ ದೊರೆಯಾದ ಅಂದಿನ ಯುವರಾಜನು 1905ನೆಯ ಇಸವಿ ನವೆಂಬರ್ 11ರಂದು ಅದಕ್ಕೆ ಅಸ್ತಿಭಾರ ಹಾಕಿದನು. ಶಿಲ್ಪಿ ಜಾರ್ಜ್ ವಿಟೆಟ್ಟನ ಯೋಜನೆಯಂತೆ 1914ರಲ್ಲಿ ಕಟ್ಟಡ ಪೂರ್ಣವಾಯಿತು. ಆ ವೇಳೆಗೆ ಮೊದಲನೆಯ ಮಹಾಯುದ್ಧ ಬಂದುದರಿಂದ ಕೆಲಕಾಲ ಅದು ಸೈನಿಕರ ಆಸ್ಪತ್ರೆಯಾಗಿತ್ತು. ಸಾರ್ವಜನಿಕರಿಗೆ ತೆರೆದುದು 1922ರ ಜನವರಿ 10ರಂದು. 1998ರಿಂದ ಅದರ ಹೆಸರು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ.

ಈ ಸಂಗ್ರಹಾಲಯವೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯೂ ಜೊತೆಗೂಡಿ 2014ರ ಮಾರ್ಚ್ ತಿಂಗಳಿನಲ್ಲಿ ಒಂದು ಕಾರ್ಯವನ್ನು ಮಾಡಿ ಮುಗಿಸಿದುವು. ಸುಮಾರು ಎರಡು ನೂರು ವರ್ಷಗಳಿಂದ ದೇಶದೇಶಗಳಲ್ಲಿ ಚದುರಿಹೋಗಿದ್ದ ಒಂದು ಚಿತ್ರ ರಾಮಾಯಣದ ಹಾಳೆಗಳನ್ನು ಅಂತರ್ಜಾಲದಲ್ಲಿ ಒಂದೆಡೆ ಸೇರಿಸಿ, ಜಗತ್ತಿನ ಯಾವ ಮೂಲೆಯಲ್ಲಿರುವವನೂ ಯಾವ ಹೊತ್ತಿನಲ್ಲಾದರೂ ತೆರೆದು ನೋಡುವಂತೆ ಮಾಡಿದುದೇ ಆ ಕಾರ್ಯ. ಮಧ್ಯರಾತ್ರಿ ಕೆಲಸ ಮುಗಿಸಿ ಬಂದವನಿಗೂ ತೆರೆದಿರುವ ಸಂಗ್ರಹಾಲಯ ಎಂದರೆ ಇದೇ. ಇದರ ಕಥೆಯನ್ನು ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಕಥೆಯ ಬೆನ್ನಿಗೆ ಏಳುವ ಒಂದು ಪ್ರಶ್ನೆಯೂ ಇದೆ. ಚಿತ್ರವನ್ನು ಹಂಚಿಕೊಂಡ ಮಾತ್ರಕ್ಕೆ ವಸ್ತುವಿನ ಋಣ ತೀರಿತೇ ಎಂಬುದೇ ಆ ಪ್ರಶ್ನೆ.

ಗ್ರಂಥ ಹುಟ್ಟಿದ ಕಾಲ

ರಾಜಸ್ಥಾನದ ಮೇವಾಡವನ್ನು 1628ರಿಂದ 1652ರವರೆಗೆ ಆಳಿದವನು ರಾಣಾ ಜಗತ್‌ಸಿಂಹ. ಮೇವಾಡದ ಅರಸರು ತಾವು ಸೂರ್ಯವಂಶದವರೆಂದೂ ಶ್ರೀರಾಮನ ಕುಲದವರೆಂದೂ ಹೇಳಿಕೊಳ್ಳುತ್ತಿದ್ದರು. ಅವರ ಹಿಂದಿನ ರಾಜಧಾನಿಯಾದ ಚಿತ್ತೋಡವು 1568ರಲ್ಲಿ ಅಕ್ಬರನ ಸೇನೆಗೆ ವಶವಾಗಿ ಹಾಳಾಗಿತ್ತು. ಮುಂದೆ 1615ರಲ್ಲಿ ಮೊಗಲರೊಡನೆ ಒಪ್ಪಂದವಾಗಿ, ಉದಯಪುರದಲ್ಲಿ ಶಾಂತಿ ನೆಲೆಸಿದ ಮೇಲೆ ವಿದ್ಯೆ, ಕಲೆಗಳಿಗೆ ಮತ್ತೆ ಆಶ್ರಯ ದೊರೆಯಿತು. ತನ್ನ ಕುಲಪುರುಷನ ಚರಿತ್ರೆಯನ್ನು ವಾಲ್ಮೀಕಿಯ ಸಂಸ್ಕೃತ ಮೂಲದಲ್ಲಿಯೇ ಆದ್ಯಂತವಾಗಿ ಬರೆಯಿಸಿ, ಚಿತ್ರಗಳಿಂದ ಅಲಂಕರಿಸಬೇಕೆಂದು ಜಗತ್‌ಸಿಂಹನು ಸಂಕಲ್ಪ ಮಾಡಿದನು.

1649ರಲ್ಲಿ ಆರಂಭವಾದ ಕೆಲಸವು 1653ರ ವರೆಗೆ ನಡೆಯಿತು. ಏಳು ಕಾಂಡಗಳಿಗೆ ನಾನೂರಕ್ಕೂ ಮೇಲ್ಪಟ್ಟು ಚಿತ್ರಗಳು. ಕಡೆಯ ಭಾಗ ಮುಗಿಯುವ ವೇಳೆಗೆ ಜಗತ್‌ಸಿಂಹನು ತೀರಿಕೊಂಡು, ಮಗನಾದ ರಾಜಸಿಂಹನು ಪಟ್ಟಕ್ಕೆ ಬಂದಿದ್ದನು. ಈ ಕೆಲಸದಲ್ಲಿ ಕೈಗೂಡಿಸಿದವರು ಯಾರೆಂಬುದು ವಿಶೇಷವಾಗಿ ಗಮನಿಸತಕ್ಕ ಸಂಗತಿ. ಬರೆಯಿಸಿದವನು ಹಿಂದೂ ಅರಸು. ಶ್ಲೋಕಗಳನ್ನು ಬರೆದ ಲಿಪಿಕಾರನು ಮಹಾತ್ಮಾ ಹೀರಾನಂದನೆಂಬ ಜೈನ. ಅಯೋಧ್ಯಾಕಾಂಡ ಮತ್ತು ಯುದ್ಧಕಾಂಡಗಳ ಚಿತ್ರಗಳನ್ನು ರೂಪಿಸಿದ ಮುಖ್ಯ ಚಿತ್ರಕಾರನು ಸಾಹಿಬ್‌ದೀನನೆಂಬ ಮುಸಲ್ಮಾನ. ಬಾಲಕಾಂಡದ ಚಿತ್ರಗಳಲ್ಲಿ ಮನೋಹರನೆಂಬ ಇನ್ನೊಬ್ಬ ಚಿತ್ರಕಾರನ ಹೆಸರಿದೆ. ರಾಮನ ಕಥೆಯನ್ನು ಹೀಗೆ ಮೂರು ಮತಗಳವರು ಒಂದೇ ಚಾವಡಿಯಲ್ಲಿ ಕುಳಿತು ಸಿದ್ಧಗೊಳಿಸಿದರು.

ಕಿಷ್ಕಿಂಧಾಕಾಂಡದ ಚಿತ್ರಗಳ ವಿಷಯ ನಮ್ಮವರಿಗೆ ಕುತೂಹಲ ಹುಟ್ಟಿಸುವಂಥದು. ಅವನ್ನು ಬರೆದವನ ಹೆಸರು ತಿಳಿದಿಲ್ಲ. ಆದರೆ ಅವುಗಳ ಶೈಲಿಯಲ್ಲಿ ಮೇವಾಡದ ಪದ್ಧತಿಯೊಡನೆ ದಖ್ಖಣದ ಚಿತ್ರಕಲೆಯ ಛಾಯೆಯೂ ಬೆರೆತಿದೆಯೆಂದು ವಿದ್ವಾಂಸರು ಕಂಡಿದ್ದಾರೆ. ಕಿಷ್ಕಿಂಧೆಯೆಂದರೆ ತುಂಗಭದ್ರೆಯ ತೀರದ ಆನೆಗೊಂದಿಯ ಸೀಮೆಯೇ ಎಂದು ನಮ್ಮ ನಾಡಿನ ಜನ ತಲೆತಲಾಂತರದಿಂದ ನಂಬಿದ್ದಾರೆ. ಪಂಪಾಸರೋವರ, ಋಷ್ಯಮೂಕ, ಅಂಜನಾದ್ರಿಗಳನ್ನು ಅಲ್ಲಿ ಇಂದಿಗೂ ತೋರಿಸುತ್ತಾರೆ. ಉದಯಪುರದಲ್ಲಿ ಬರೆದ ಕಿಷ್ಕಿಂಧೆಗೆ ದಕ್ಷಿಣದ ಬಣ್ಣ ಹತ್ತಿರುವುದು ಆಕಸ್ಮಿಕವೇ ಇರಬಹುದು. ಆದರೂ ತಿಳಿದಾಗ ಮನಸ್ಸಿಗೆ ಸಂತೋಷವಾಗುತ್ತದೆ.

ಹಾಳೆಗಳು ಹೊರಟ ದಾರಿ

ಈ ಗ್ರಂಥವು ಇಂದಿನ ಪುಸ್ತಕಗಳಂತೆ ಹೊಲಿದು ಕಟ್ಟಿದುದಲ್ಲ. ನಮ್ಮ ಹಳೆಯ ಮನೆಗಳ ಓಲೆಗರಿಯ ಕಟ್ಟುಗಳಂತೆ, ಅಡ್ಡಕ್ಕೆ ಉದ್ದವಾದ ಬಿಡಿ ಹಾಳೆಗಳ ಕಟ್ಟು ಅದು. ಒಂದು ಮಗ್ಗುಲಲ್ಲಿ ಚಿತ್ರ, ಇನ್ನೊಂದು ಮಗ್ಗುಲಲ್ಲಿ ಶ್ಲೋಕ. ಬಿಡಿ ಹಾಳೆಗಳಿಗೆ ಒಂದು ಗುಣವೂ ಉಂಟು, ಒಂದು ದೋಷವೂ ಉಂಟು. ಹರಡಿ ನೋಡಲು ಅನುಕೂಲ. ಚದುರಿಹೋಗಲೂ ಅಷ್ಟೇ ಅನುಕೂಲ.

1818ರಲ್ಲಿ ಮೇವಾಡವು ಈಸ್ಟ್ ಇಂಡಿಯಾ ಕಂಪನಿಯೊಡನೆ ಕರಾರು ಮಾಡಿಕೊಂಡಿತು. ಕಂಪನಿಯ ಪ್ರತಿನಿಧಿಯಾಗಿ ಅಲ್ಲಿಗೆ ಬಂದವನು ಜೇಮ್ಸ್ ಟಾಡ್. ರಾಜಸ್ಥಾನದ ಇತಿಹಾಸವನ್ನು ಬರೆದು ಪ್ರಖ್ಯಾತನಾದವನು ಈತನೇ. ಅಂದಿನ ಮಹಾರಾಣಾ ಭೀಮಸಿಂಹನು ಈ ರಾಮಾಯಣದ ನಾಲ್ಕು ಕಾಂಡಗಳನ್ನು, ಅಂದರೆ ಅಯೋಧ್ಯಾ, ಕಿಷ್ಕಿಂಧಾ, ಯುದ್ಧ ಮತ್ತು ಉತ್ತರ ಕಾಂಡಗಳನ್ನು, ಟಾಡನಿಗೆ ಕಾಣಿಕೆಯಾಗಿ ಕೊಟ್ಟನು. ಟಾಡನು 1823ರಲ್ಲಿ ಇಂಡಿಯಾವನ್ನು ಬಿಟ್ಟು ಸ್ವದೇಶಕ್ಕೆ ಹೋದನು. ಅವನಿಂದ ಅವು ಇಂಗ್ಲೆಂಡಿನ ರಾಜಮನೆತನದ ಡ್ಯೂಕ್ ಆಫ್ ಸಸೆಕ್ಸನಿಗೆ ಸಂದವು. ಡ್ಯೂಕನು 1843ರಲ್ಲಿ ತೀರಿಕೊಂಡ ಮೇಲೆ ಅವನ ಗ್ರಂಥಭಂಡಾರವು ಮಾರಾಟಕ್ಕೆ ಬಂದು, 1844ರಲ್ಲಿ ಬ್ರಿಟಿಷ್ ಮ್ಯೂಸಿಯಂ ಅವನ್ನು ಕೊಂಡುಕೊಂಡಿತು. 1973ರಲ್ಲಿ ಬ್ರಿಟಿಷ್ ಲೈಬ್ರರಿ ಬೇರೆಯಾದಾಗ ಅವು ಅಲ್ಲಿಗೆ ವರ್ಗವಾದುವು. ಸುಂದರಕಾಂಡದ ಕೆಲವು ಹಾಳೆಗಳೂ ಆ ಗ್ರಂಥಾಲಯದಲ್ಲಿವೆ.

ಸ್ವದೇಶದಲ್ಲಿ ಉಳಿದ ಭಾಗಗಳಾದರೂ ಒಂದೆಡೆ ಉಳಿದುವೇ ಎಂದರೆ, ಇಲ್ಲ. ಅರಣ್ಯಕಾಂಡವು ಉದಯಪುರದಲ್ಲಿ, ರಾಜಸ್ಥಾನ ಪ್ರಾಚ್ಯವಿದ್ಯಾ ಪ್ರತಿಷ್ಠಾನದ ವಶದಲ್ಲಿ ಇದೆ. ಬಾಲಕಾಂಡದ ಹಾಳೆಗಳು ಮುಂಬಯಿಯ ಸಂಗ್ರಹಾಲಯದಲ್ಲಿ ಕೆಲವು, ಬಡೋದೆಯ ಮ್ಯೂಸಿಯಂನಲ್ಲಿ ಕೆಲವು, ಮುಂಬಯಿಯ ಸರ್ ಕಾವಸ್‌ಜಿ ಜಹಾಂಗೀರ್ ಸಂಗ್ರಹದಲ್ಲಿ ಕೆಲವು ಎಂಬಂತೆ ಹಂಚಿಹೋಗಿವೆ. ಕೂಡುಕುಟುಂಬವು ಒಡೆದು, ತಮ್ಮಂದಿರು ಒಬ್ಬೊಬ್ಬರೂ ಒಂದೊಂದು ಊರು ಹಿಡಿದಂತಾಯಿತು. ರಾಮನ ಜನನ ಮುಂಬಯಿಯಲ್ಲಿ, ವನಗಮನ ಲಂಡನ್ನಿನಲ್ಲಿ, ಸೀತಾಪಹರಣ ಉದಯಪುರದಲ್ಲಿ, ರಾವಣವಧೆ ಮತ್ತೆ ಲಂಡನ್ನಿನಲ್ಲಿ! ಕಥೆಯನ್ನು ಕ್ರಮವಾಗಿ ನೋಡಬೇಕೆಂಬ ಭಕ್ತನಾಗಲಿ ವಿದ್ವಾಂಸನಾಗಲಿ ಸಮುದ್ರಗಳನ್ನು ದಾಟಿ ಹೋಗಿ ಬರಬೇಕಾಗಿತ್ತು.

ಒಂದುಗೂಡಿಸಿದ ಕ್ರಮ

ಲಂಡನ್ನಿನಲ್ಲಿದ್ದ ಸಂಪುಟಗಳಿಗೆ ಹಿಂದಿನ ಕಾಲದಲ್ಲಿ ಐರೋಪ್ಯ ಪದ್ಧತಿಯ ಗಟ್ಟಿ ರಟ್ಟನ್ನು ಕಟ್ಟಿಸಿದ್ದರು. ಬಿಡಿಯಾಗಿರಬೇಕಾದ ಹಾಳೆಗಳು ಬಿಗಿಯಾಗಿ ಕುಳಿತುಬಿಟ್ಟಿದ್ದುವು. 2008ರಲ್ಲಿ ಬ್ರಿಟಿಷ್ ಲೈಬ್ರರಿಯು ರಾಮಾಯಣದ ಪ್ರದರ್ಶನವೊಂದನ್ನು ಏರ್ಪಡಿಸಿತು. ಭಾರತೀಯ ಚಿತ್ರಕಲೆಯ ವಿದ್ವಾಂಸರಾದ ಜೆ. ಪಿ. ಲಾಸ್ಟಿಯವರು ಅದಕ್ಕೆ ಆಧಾರವಾದ ಗ್ರಂಥವನ್ನು ಬರೆದರು. ಆ ಸಂದರ್ಭದಲ್ಲಿ ರಟ್ಟುಗಳನ್ನು ಬಿಚ್ಚಿ ಹಾಳೆಗಳನ್ನು ಬಿಡಿಯಾಗಿಸಿದರು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ದೂರವಿದ್ದ ಒಡಹುಟ್ಟಿದ ಹಾಳೆಗಳೊಡನೆ ಅವನ್ನು ಮತ್ತೆ ಸೇರಿಸಬೇಕೆಂಬ ಪ್ರಯತ್ನಕ್ಕೆ ಇದರಿಂದ ದಾರಿಯಾಯಿತು. ಜಮ್‌ಶೇಟ್‌ಜಿ ಟಾಟಾ ಟ್ರಸ್ಟಿನ ಧನಸಹಾಯವೂ ದೊರೆಯಿತು. 2014ರ ಹೊತ್ತಿಗೆ 377 ಚಿತ್ರಗಳು ಒಂದೇ ಅನುಕ್ರಮದಲ್ಲಿ ಅಂತರ್ಜಾಲದ ಮೇಲೆ ಬಂದುವು.

ಇದನ್ನು ಕೇಳಿದವರು, 'ಫೋಟೋ ತೆಗೆದು ಹಾಕಿದರಾಯಿತು, ಅದರಲ್ಲೇನು ಹೆಚ್ಚು?' ಎನ್ನಬಹುದು. ಕೆಲಸವು ಅಷ್ಟು ಸುಲಭವಲ್ಲ. ಮುನ್ನೂರೈವತ್ತು ವರ್ಷ ದಾಟಿದ ಹಾಳೆ ಬೆಳಕಿಗೂ ಬೆವರಿಗೂ ಹೆದರುವಂಥದು. ಬಣ್ಣದ ಒಂದು ಹಕ್ಕಳೆ ಉದುರಿದರೂ ಮತ್ತೆ ಬಾರದು. ಅದನ್ನು ಮೆದುವಾದ ಬೆಳಕಿನಲ್ಲಿಟ್ಟು, ಪಕ್ಕದಲ್ಲಿ ಬಣ್ಣದ ಮಾದರಿಯ ಪಟ್ಟಿಯನ್ನು ಹಿಡಿದು, ಕೆಂಪು ಕೆಂಪಾಗಿಯೇ ಕಾಣುವಂತೆ ಚಿತ್ರ ತೆಗೆಯಬೇಕು. ಬಳಿಕ ಆ ಹಾಳೆ ಯಾವ ಕಾಂಡದ ಎಷ್ಟನೆಯ ಸರ್ಗಕ್ಕೆ ಸೇರಿದುದು, ಅದರ ಹಿಂದಿನ ಹಾಳೆ ಯಾವುದು, ಮುಂದಿನದು ಯಾವುದು ಎಂಬುದನ್ನು ನಿರ್ಧರಿಸಬೇಕು.

ಗುಮಾಸ್ತೆಗಿರಿ ಮಾಡಿದ ನಮ್ಮ ವಾಚಕರಿಗೆ ಇಲ್ಲಿಯ ತೊಡಕು ಕೂಡಲೇ ಅರ್ಥವಾದೀತು. ಎರಡು ಕಚೇರಿಗಳ ಲೆಕ್ಕವನ್ನು ಒಂದುಗೂಡಿಸುವಾಗ ಹಣಕ್ಕಿಂತ ಹೆಚ್ಚು ತೊಂದರೆ ಕೊಡುವುದು ಖಾತೆಗಳ ತಲೆಬರಹ. ಒಂದರಲ್ಲಿ 'ಸಾದಿಲ್ವಾರು' ಎಂದಿದ್ದುದು ಇನ್ನೊಂದರಲ್ಲಿ 'ಇತರ ವೆಚ್ಚ' ಎಂದಿರುತ್ತದೆ. ಸಂಗ್ರಹಾಲಯಗಳ ದಾಖಲೆಗಳೂ ಹೀಗೆಯೇ. ಒಂದೇ ಚಿತ್ರಕಾರನ ಹೆಸರನ್ನು ಒಬ್ಬರು ಒಂದು ಬಗೆಯಾಗಿ, ಇನ್ನೊಬ್ಬರು ಇನ್ನೊಂದು ಬಗೆಯಾಗಿ ಬರೆದಿರುತ್ತಾರೆ. ತಾರೀಖನ್ನು ಒಂದು ಕಡೆ ವಿಕ್ರಮ ಸಂವತ್ಸರದಲ್ಲಿ, ಇನ್ನೊಂದು ಕಡೆ ಕ್ರಿಸ್ತಶಕದಲ್ಲಿ ಕಾಣಿಸಿರುತ್ತಾರೆ. ಇವುಗಳನ್ನು ಸರಿಹೊಂದಿಸದೆ ಹಾಳೆಗಳು ಒಂದಾಗುವುದಿಲ್ಲ. ತಾಳ್ಮೆಯಿಂದ ಕುಳಿತು ತಾಳೆ ನೋಡುವ ಅಪ್ರಸಿದ್ಧ ಸಿಬ್ಬಂದಿಯ ದುಡಿಮೆಯೇ ಇಂತಹ ಕಾರ್ಯಗಳ ಬುನಾದಿ.

ಬೇರೆ ಬೇರೆ ದೇಶಗಳ ಗ್ರಂಥಾಲಯಗಳು ತಮ್ಮ ಚಿತ್ರಗಳನ್ನು ಒಂದೇ ರೀತಿಯಲ್ಲಿ ಒದಗಿಸಬೇಕೆಂಬ ಉದ್ದೇಶದಿಂದ 2011ರ ಸುಮಾರಿಗೆ ಒಂದು ಸಾಮಾನ್ಯ ಕ್ರಮವನ್ನು ರೂಪಿಸಲು ತೊಡಗಿದುವು. ಅದನ್ನು ಟ್ರಿಪಲ್ ಐ ಎಫ್ ಎಂದು ಕರೆಯುತ್ತಾರೆ. ಅದರ ಮರ್ಮವನ್ನು ಹೋಟೆಲಿನ ಮಾತಿನಲ್ಲಿ ಹೇಳಬಹುದು. ಗಿರಾಕಿಯು ಒಂದು ಸೌಟು ಸಾಂಬಾರು ಕೇಳಿದರೆ ಅಡಿಗೆಮನೆಯ ಹಂಡೆಯನ್ನೇ ಮೇಜಿಗೆ ಹೊತ್ತು ತರುವವರಿಲ್ಲ, ಕೇಳಿದಷ್ಟನ್ನು ಬಡಿಸುತ್ತಾರೆ. ಹಾಗೆಯೇ ಅತಿ ದೊಡ್ಡ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿಟ್ಟು, ನೋಡುವವನು ಯಾವ ಮೂಲೆಯನ್ನು ಹಿಗ್ಗಿಸಿ ನೋಡಬಯಸುವನೋ ಅಷ್ಟನ್ನೇ ಕಳುಹಿಸುತ್ತಾರೆ. ಲಂಡನ್ನಿನ ಚಿತ್ರವನ್ನೂ ಪ್ಯಾರಿಸ್ಸಿನ ಚಿತ್ರವನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುವುದಕ್ಕೂ ಈ ಏರ್ಪಾಡಿನಲ್ಲಿ ಅವಕಾಶವಿದೆ.

ಕುಂಭಕರ್ಣನ ಊಟ

ಹೀಗೆ ಹಿಗ್ಗಿಸಿ ನೋಡುವುದರಿಂದ ಏನು ಲಾಭ? ಗಾಜಿನ ಪೆಟ್ಟಿಗೆಯ ಮುಂದೆ, ಹಿಂದಿನವರ ನೂಕಾಟದಲ್ಲಿ ನಿಂತು ನೋಡಿದಾಗ ಕಾಣದ ಸಂಗತಿಗಳು ಇಲ್ಲಿ ಕಾಣುತ್ತವೆ. ಸಾಹಿಬ್‌ದೀನನು ಒಂದೇ ಹಾಳೆಯಲ್ಲಿ ಹಲವು ಘಟನೆಗಳನ್ನು ತೋರಿಸುವ ಪದ್ಧತಿಯವನು. ಒಬ್ಬನೇ ರಾಮನು ಒಂದೇ ಚಿತ್ರದಲ್ಲಿ ಎರಡು ಮೂರು ಕಡೆ ಬರುತ್ತಾನೆ. ಕಣ್ಣು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದಂತೆ ಕಥೆ ಮುಂದೆ ಸಾಗುತ್ತದೆ. ಯಕ್ಷಗಾನದಲ್ಲಿ ಒಂದೇ ರಂಗಸ್ಥಳವು ಒಂದು ಸುತ್ತು ತಿರುಗುವುದರೊಳಗೆ ಅರಮನೆಯೂ ಅರಣ್ಯವೂ ಆಗುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧಕಾಂಡದಲ್ಲಿ ಕುಂಭಕರ್ಣನನ್ನು ಎಬ್ಬಿಸುವ ಚಿತ್ರವೊಂದಿದೆ. ಬೆಟ್ಟದಂತೆ ಬಿದ್ದುಕೊಂಡ ದೈತ್ಯ. ಅವನ ಸುತ್ತ ಭೇರಿ ಬಾರಿಸುವವರು, ಮೈಮೇಲೆ ಆನೆಗಳನ್ನು ಹತ್ತಿಸುವವರು, ಎದ್ದ ಕೂಡಲೇ ಬೇಕಾಗುವ ಆಹಾರವನ್ನು ರಾಶಿ ಹಾಕುವವರು. ಕಾವ್ಯವನ್ನು ಓದುವಾಗ ನಮ್ಮ ಗಮನವೆಲ್ಲ ಕುಂಭಕರ್ಣನ ಮೇಲೆ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಗಮನವು ಆ ಪರಿಚಾರಕರ ಕಡೆಗೆ ಹರಿಯುತ್ತದೆ. ದೊರೆಯ ತಮ್ಮನು ಏಳುವನೆಂದು ಹೊತ್ತು ಹೊತ್ತು ತಂದು ರಾಶಿಹಾಕಿದವರು ಅವರು. ಬೆಳಗಿನ ನಾಲ್ಕು ಗಂಟೆಗೆ ಒಲೆಯನ್ನು ಹೊತ್ತಿಸಿ, ಊರು ಏಳುವುದರೊಳಗೆ ಹಿಟ್ಟು, ಚಟ್ನಿ, ಪಲ್ಯಗಳನ್ನು ಅಣಿಮಾಡುವ ನಮ್ಮ ಹೋಟೆಲಿನವರಿಗೆ ಆ ಪರಿಚಾರಕರು ಅಪರಿಚಿತರಾಗಿ ತೋರಲಾರರು.

ಅನ್ಯದೇಶಗಳ ಉದಾಹರಣೆ

ಇಂತಹ ಸಹಕಾರವು ರಾಮಾಯಣದಿಂದಲೇ ಮೊದಲಾದುದಲ್ಲ. ಚೀನಾ ದೇಶದ ಮರುಭೂಮಿಯ ಅಂಚಿನಲ್ಲಿ ಡುನ್‌ಹ್ವಾಂಗ್ ಎಂಬ ಸ್ಥಳದ ಗುಹೆಯೊಂದರಲ್ಲಿ, ಗೋಡೆಯ ಹಿಂದೆ ಮುಚ್ಚಿಟ್ಟಿದ್ದ ಬೌದ್ಧ ಗ್ರಂಥಗಳ ಮಹಾಭಂಡಾರವು 1900ರಲ್ಲಿ ಬೆಳಕಿಗೆ ಬಂದಿತು. ಕ್ರಿಸ್ತಶಕ 868ರ ತಾರೀಖನ್ನು ಹೊತ್ತ ಮುದ್ರಿತ ವಜ್ರಸೂತ್ರವು ದೊರೆತುದು ಅಲ್ಲಿಯೇ. 1907ರಲ್ಲಿ ಆರೆಲ್ ಸ್ಟೈನ್, 1908ರಲ್ಲಿ ಪಾಲ್ ಪೆಲಿಯೋ ಅಲ್ಲಿಗೆ ಹೋಗಿ ಬಹುಭಾಗವನ್ನು ಅಲ್ಪ ಬೆಲೆಗೆ ಕೊಂಡು ಹೊರಸಾಗಿಸಿದರು. ಇಂದು ಅವು ಲಂಡನ್, ಪ್ಯಾರಿಸ್, ಸೇಂಟ್ ಪೀಟರ್ಸ್‌ಬರ್ಗ್, ಬೀಜಿಂಗ್ ಮೊದಲಾದೆಡೆ ಹಂಚಿಹೋಗಿವೆ. ಸ್ಟೈನನು ತಂದ ವಸ್ತುಗಳಲ್ಲಿ ಒಂದು ಪಾಲು ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿ ಇರುವುದನ್ನು ದೆಹಲಿಯ ಕನ್ನಡ ಬಂಧುಗಳು ಹೋಗಿ ನೋಡಬಹುದು. ಈ ಚದುರಿದ ಸಂಪತ್ತನ್ನು ಒಂದೆಡೆ ತೋರಿಸುವ ಅಂತರರಾಷ್ಟ್ರೀಯ ಯೋಜನೆಯು 1994ರಲ್ಲಿ ಆರಂಭವಾಯಿತು.

ಕ್ರೈಸ್ತರ ಅತಿ ಪ್ರಾಚೀನ ಬೈಬಲ್ ಪ್ರತಿಗಳಲ್ಲಿ ಒಂದಾದ ಸಿನಾಯ್ ಗ್ರಂಥದ ಕಥೆಯೂ ಇಂಥದೇ. ಈಜಿಪ್ಟಿನ ಸಿನಾಯ್ ಪರ್ವತದ ಮಠದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಬಿದ್ದ ಅದರ ಹಾಳೆಗಳು ಜರ್ಮನಿಗೂ ರಷ್ಯಾಕ್ಕೂ ಹೋದುವು. 1933ರಲ್ಲಿ ಸೋವಿಯೆತ್ ಸರಕಾರವು ತನ್ನಲ್ಲಿದ್ದ ಬಹುಭಾಗವನ್ನು ಒಂದು ಲಕ್ಷ ಪೌಂಡುಗಳಿಗೆ ಬ್ರಿಟನ್ನಿಗೆ ಮಾರಿತು. ಲಂಡನ್, ಲೈಪ್ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯ್ ಮಠ ಈ ನಾಲ್ಕೂ ಕೂಡಿ 2009ರಲ್ಲಿ ಅದನ್ನು ಅಂತರ್ಜಾಲದಲ್ಲಿ ಒಂದುಗೂಡಿಸಿದುವು.

ಮೂರನೆಯ ಉದಾಹರಣೆ ಆಫ್ರಿಕಾದ್ದು. ಇಂದಿನ ನೈಜೀರಿಯದಲ್ಲಿದ್ದ ಬೆನಿನ್ ರಾಜ್ಯದ ಅರಮನೆಯನ್ನು 1897ರಲ್ಲಿ ಬ್ರಿಟಿಷ್ ಸೇನೆಯು ದಾಳಿಮಾಡಿ ಕೊಳ್ಳೆಹೊಡೆಯಿತು. ಅಲ್ಲಿಯ ಎರಕದ ಫಲಕಗಳು, ಕೆತ್ತಿದ ಆನೆದಂತಗಳು ಐರೋಪ್ಯ, ಅಮೆರಿಕನ್ ಸಂಗ್ರಹಾಲಯಗಳ ಪಾಲಾದುವು. 2022ರಲ್ಲಿ ಡಿಜಿಟಲ್ ಬೆನಿನ್ ಎಂಬ ಜಾಲತಾಣವು 20 ದೇಶಗಳ 131 ಸಂಸ್ಥೆಗಳಲ್ಲಿರುವ ಐದು ಸಾವಿರಕ್ಕೂ ಹೆಚ್ಚು ವಸ್ತುಗಳ ಪಟ್ಟಿಯನ್ನು ಒಂದೆಡೆ ತಂದಿತು. ಯಾವ ವಸ್ತು ಯಾರ ಮನೆಯಲ್ಲಿದೆ ಎಂಬುದು ಅಂದಿನಿಂದ ಎಲ್ಲರೂ ಓದಬಹುದಾದ ಬಹಿರಂಗ ಲೆಕ್ಕವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯು ಅಂತಹ 20 ವಸ್ತುಗಳನ್ನು ನೈಜೀರಿಯಕ್ಕೆ ಕೊಂಡೊಯ್ದು ಒಪ್ಪಿಸಿತು.

ಪಾದುಕೆಯ ನ್ಯಾಯ

ಇಲ್ಲಿಯೇ ನಾವು ಮೊದಲು ಎತ್ತಿದ ಪ್ರಶ್ನೆ ಎದುರಾಗುತ್ತದೆ. ಚಿತ್ರವನ್ನು ಎಲ್ಲರಿಗೂ ತೋರಿಸಿದ ಮೇಲೆ ವಸ್ತುವನ್ನು ಮರಳಿ ಕೊಡುವ ಮಾತೇಕೆ ಎಂದು ಕೆಲವರು ವಾದಿಸುತ್ತಾರೆ. ಚಿತ್ರವನ್ನು ಕೊಟ್ಟು ವಸ್ತುವನ್ನು ಇಟ್ಟುಕೊಳ್ಳುವುದು ಹಣ್ಣನ್ನು ತಾನು ತಿಂದು ಸಿಪ್ಪೆಯನ್ನು ಕೊಟ್ಟಂತೆ ಎಂದು ಇನ್ನು ಕೆಲವರು ಕೋಪಿಸಿಕೊಳ್ಳುತ್ತಾರೆ. ಎರಡು ಮಾತುಗಳಲ್ಲಿಯೂ ಆತುರವಿದೆ. ಕೊಳ್ಳೆಹೊಡೆದದ್ದು ಬೇರೆ, ಕ್ರಯಕ್ಕೆ ಕೊಂಡದ್ದು ಬೇರೆ, ಕಾಣಿಕೆಯಾಗಿ ಬಂದದ್ದು ಬೇರೆ. ಬೆನಿನ್ನಿನದು ಹಾಡುಹಗಲಿನ ಲೂಟಿ. ಮೇವಾಡದ ರಾಮಾಯಣವು ಅರಸನ ಕೈಯಿಂದಲೇ ದೊರೆತ ಕಾಣಿಕೆ. ಕಂಪನಿಯ ಆಶ್ರಯಕ್ಕೆ ಒಳಪಟ್ಟ ಅರಸನು ಕಂಪನಿಯ ಪ್ರತಿನಿಧಿಗೆ ಕೊಟ್ಟ ಕಾಣಿಕೆ ಎಷ್ಟರಮಟ್ಟಿಗೆ ಸ್ವಇಚ್ಛೆಯದು ಎಂದು ಕೇಳಬಹುದು, ಕೇಳುವುದು ತಪ್ಪಲ್ಲ. ಆದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು.

ಈ ವಿಷಯದಲ್ಲಿ ರಾಮಾಯಣವೇ ನಮಗೆ ಒಂದು ದಾರಿಯನ್ನು ತೋರಿಸುತ್ತದೆ. ಲಂಡನ್ನಿನಲ್ಲಿರುವ ಅಯೋಧ್ಯಾಕಾಂಡದ ಕಥೆಯಲ್ಲಿಯೇ ಅದು ಬರುತ್ತದೆ. ರಾಮನು ಕಾಡಿನಿಂದ ಮರಳಲು ಒಪ್ಪದಿದ್ದಾಗ ಭರತನು ಅವನ ಪಾದುಕೆಗಳನ್ನು ಬೇಡಿ ತಂದನು. ಅವನ್ನು ಸಿಂಹಾಸನದ ಮೇಲಿಟ್ಟು, ತಾನು ನಂದಿಗ್ರಾಮದಲ್ಲಿ ಕುಳಿತು ರಾಜ್ಯಭಾರ ಮಾಡಿದನು. ಪಾದುಕೆ ರಾಮನಲ್ಲ, ಇದು ಭರತನಿಗೆ ತಿಳಿಯದ ಸಂಗತಿಯಲ್ಲ. ಪಾದುಕೆ ಬಂದಿತೆಂದು ರಾಮನನ್ನು ಮರೆಯಲೂ ಇಲ್ಲ, ರಾಮನು ಬರಲಿಲ್ಲವೆಂದು ಪಾದುಕೆಯನ್ನು ಬಿಸುಡಲೂ ಇಲ್ಲ. ಸಿಂಹಾಸನದ ಒಡೆಯನು ಯಾರೆಂಬುದನ್ನು ಹದಿನಾಲ್ಕು ವರ್ಷ ದಿನದಿನವೂ ಜನರಿಗೆ ನೆನಪಿಸುತ್ತಿದ್ದುದು ಆ ಪಾದುಕೆಯೇ. ಅಂತರ್ಜಾಲದ ಚಿತ್ರವನ್ನೂ ನಾವು ಹೀಗೆಯೇ ಕಾಣುವುದು ಯುಕ್ತ. ಅದು ಮೂಲವಸ್ತುವಿಗೆ ಬದಲಲ್ಲ. ಆದರೆ ವಸ್ತು ಎಲ್ಲಿದೆ, ಯಾರದು, ಯಾವ ದಾರಿಯಿಂದ ಹೋಯಿತು ಎಂಬುದನ್ನು ಮರೆಯಗೊಡದಂತೆ ಕಾಯುವ ಸಾಧನ ಅದು. ಬೆನಿನ್ನಿನ ಪಟ್ಟಿ ಮಾಡುತ್ತಿರುವುದೂ ಇದೇ ಕೆಲಸವನ್ನು.

ಒಂದು ಎಚ್ಚರಿಕೆ

ಪಾದುಕೆಯನ್ನಾದರೂ ಭದ್ರವಾಗಿ ಇಟ್ಟುಕೊಳ್ಳಬೇಕಲ್ಲವೇ? 2023ರ ಅಕ್ಟೋಬರ್ ಕೊನೆಯಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕಯಂತ್ರಗಳ ಮೇಲೆ ದುಷ್ಕರ್ಮಿಗಳ ದಾಳಿಯಾಯಿತು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಬಗೆಯ ದಾಳಿ ಅದು. ಗ್ರಂಥಾಲಯವು ಹಣ ಕೊಡಲಿಲ್ಲ. ಕಳ್ಳರು ಕದ್ದ ಸುಮಾರು 600 ಗಿಗಾಬೈಟ್ ಮಾಹಿತಿಯನ್ನು ಬಯಲಿಗೆ ಚೆಲ್ಲಿದರು. ಗ್ರಂಥಸೂಚಿಯು ಮತ್ತೆ ದೊರೆಯಲು 2024ರ ಜನವರಿ ಬರಬೇಕಾಯಿತು. ಡಿಜಿಟಲ್ ಹಸ್ತಪ್ರತಿಗಳಂತೂ ಇನ್ನೂ ಬಹುಕಾಲ ಓದುಗರಿಗೆ ಸಿಗದಾದುವು. ಕಾಗದ ಮತ್ತು ಬಣ್ಣಗಳು ಮುನ್ನೂರೈವತ್ತು ವರ್ಷಗಳ ಮಳೆ, ಹುಳು, ಯುದ್ಧ, ಸಮುದ್ರಯಾನಗಳನ್ನು ತಡೆದು ಉಳಿದಿವೆ. ಅವುಗಳ ನೆರಳನ್ನು ಕಾಯುವ ಯಂತ್ರವು ಒಂದು ರಾತ್ರಿಯಲ್ಲಿ ಮಂಕಾಯಿತು. ಆದುದರಿಂದ ಬಿತ್ತನೆಯ ಬೀಜವನ್ನು ಒಂದೇ ಕಣಜದಲ್ಲಿ ಇಡಬಾರದೆಂಬ ರೈತನ ವಿವೇಕವು ಇಲ್ಲಿಯೂ ಬೇಕು. ಲಂಡನ್ನಿನ ಪ್ರತಿ ಮುಂಬಯಿಯಲ್ಲಿ, ಮುಂಬಯಿಯ ಪ್ರತಿ ಉದಯಪುರದಲ್ಲಿ, ಹೀಗೆ ಪರಸ್ಪರ ಕಾಪಿಡುವುದೇ ನಿಜವಾದ ಸಹಕಾರ.

ನಮ್ಮ ದೇಶದ ಸಂಗ್ರಹಾಲಯಗಳಲ್ಲಿಯೂ ಈ ಕೆಲಸ ನಡೆದಿದೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಸಿದ್ಧಪಡಿಸಿದ 'ಜತನ್' ಎಂಬ ಗಣಕಕ್ರಮದ ಸಹಾಯದಿಂದ ಕೇಂದ್ರ ಸರಕಾರದ ಸಂಗ್ರಹಾಲಯಗಳು ತಮ್ಮ ವಸ್ತುಗಳ ದಾಖಲೆಯನ್ನು ಅಂತರ್ಜಾಲಕ್ಕೆ ಏರಿಸಿವೆ. ಆದರೆ ಇಂತಹ ತಾಣಗಳ ವಿವರಣೆಗಳು ಬಹುಮಟ್ಟಿಗೆ ಆಂಗ್ಲಭಾಷೆಯಲ್ಲಿವೆ. ಬಾಗಿಲು ತೆರೆದಿದೆ, ಒಳಗೆ ದೀಪವೂ ಉರಿಯುತ್ತಿದೆ. ಆದರೆ ಬರಮಾಡಿಕೊಳ್ಳುವ ಮಾತು ನಮ್ಮ ಭಾಷೆಯದಲ್ಲ. ಈ ಕೊರತೆಯನ್ನು ಹೊರಗಿನವರು ತುಂಬಿಯಾರೆಂದು ಕಾದು ಕುಳಿತರೆ ಪ್ರಯೋಜನವಿಲ್ಲ.

ಐಹೊಳೆಯ ಬ್ರಹ್ಮ

ಕೊನೆಯಲ್ಲಿ ಮತ್ತೆ ಕಾಲಾಘೋಡಾದ ಆ ಗುಮ್ಮಟದ ಕೆಳಗೆ ಹೋಗೋಣ. ಅಲ್ಲಿಯ ಶಿಲ್ಪಶಾಲೆಯಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಬ್ರಹ್ಮನಿದ್ದಾನೆ. ಬಾದಾಮಿ ಚಾಲುಕ್ಯರ ಕಾಲದಲ್ಲಿ, ಸುಮಾರು ಏಳನೆಯ ಶತಮಾನದಲ್ಲಿ, ನಮ್ಮ ಶಿಲ್ಪಿಗಳು ಗುಡಿಯ ಮಾಳಿಗೆಗಾಗಿ ಕೆತ್ತಿದ ಕಲ್ಲು ಅದು. ಐಹೊಳೆಯಿದ್ದ ಬಿಜಾಪುರ ಜಿಲ್ಲೆಯು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಲಪ್ರಭೆಯ ದಡದಿಂದ ಅರಬ್ಬೀ ಸಮುದ್ರದ ದಡಕ್ಕೆ ಬಂದು, ಅಪರಿಚಿತರ ನಡುವೆ ನಿಂತು, ಊರಿನ ಹೆಸರನ್ನು ಎದೆಯ ಮೇಲಿನ ಚೀಟಿಯಲ್ಲಿ ಹೊತ್ತಿರುವ ಆ ಮೂರ್ತಿಯನ್ನು ಕಂಡಾಗ ನಮ್ಮಂತಹ ವಲಸಿಗರಿಗೆ ಏನನಿಸುವುದೆಂದು ಬರೆದು ತಿಳಿಸಬೇಕಾಗಿಲ್ಲ. ಅವನೂ ನಮ್ಮಂತೆ ಊರು ಬಿಟ್ಟು ಬಂದವನು.

ನಮ್ಮ ಕನ್ನಡ ಸಂಘಗಳಿಗೆ ಒಂದು ವಿಜ್ಞಾಪನೆ. ಹಿಂದೆ ರಾತ್ರಿಶಾಲೆಗಳನ್ನು ನಡೆಸಿ, ಹೋಟೆಲಿನ ಹುಡುಗರಿಗೆ ಅಕ್ಷರ ಕಲಿಸಿದ ಕೀರ್ತಿ ಈ ನಗರದ ಕನ್ನಡಿಗರದು. ಆ ಶಾಲೆಗಳಲ್ಲಿ ಓದಿದವರು ವಕೀಲರಾದರು, ಅಧಿಕಾರಿಗಳಾದರು, ಹೋಟೆಲುಗಳ ಮಾಲಿಕರಾದರು. ಇಂದು ಹೋಟೆಲಿನ ಹುಡುಗನ ಕೈಯಲ್ಲಿ ಮೊಬೈಲ್ ಫೋನಿದೆ. ರಾತ್ರಿ ಹನ್ನೊಂದರ ಬಳಿಕ ಅವನು ಅದನ್ನು ನೋಡುತ್ತಲೂ ಇರುತ್ತಾನೆ. ಸಂಘದ ಸಭಾಗೃಹದಲ್ಲಿ ತಿಂಗಳಿಗೊಂದು ಸಂಜೆ ಬಿಳಿಯ ಪರದೆಯ ಮೇಲೆ ಇಂತಹ ಚಿತ್ರಗಳನ್ನು ತೋರಿಸಿ, ತಿಳಿದವರೊಬ್ಬರು ಕನ್ನಡದಲ್ಲಿ ವಿವರಿಸಿದರೆ, ಅವನೇ ಮರುದಿನ ತನ್ನ ಫೋನಿನಲ್ಲಿ ಅದನ್ನು ಹುಡುಕಿ ನೋಡಿಯಾನು. ರಜೆಯ ದಿನ ಸಿಕ್ಕಾಗ ಸಂಗ್ರಹಾಲಯದ ಮೆಟ್ಟಿಲನ್ನೂ ಹತ್ತಿಯಾನು. ಚಿತ್ರವನ್ನು ನೋಡಿ ಮೂಲವನ್ನು ನೋಡುವ ಆಸೆ ಹುಟ್ಟಿದರೆ, ದೂರದೂರದ ಆ ಸಂಸ್ಥೆಗಳು ಪಟ್ಟ ಶ್ರಮವು ನಮ್ಮ ಮಟ್ಟಿಗೂ ಸಾರ್ಥಕವಾದಂತೆ.

ವಾಚಕರಲ್ಲಿ ಯಾರಿಗಾದರೂ ಮುಂದಿನ ವಾರ ಅರ್ಧ ದಿನದ ಬಿಡುವು ದೊರೆತರೆ, ಮಕ್ಕಳನ್ನು ಕರೆದುಕೊಂಡು ಹೋಗಿ ಐಹೊಳೆಯ ಬ್ರಹ್ಮನನ್ನು ಮಾತನಾಡಿಸಿ ಬನ್ನಿ. ಆತನಿಗೆ ಕನ್ನಡ ಕೇಳಿ ಬಹಳ ದಿನವಾಗಿರಬಹುದು.